ನಲವತ್ತೊಂದು, ಕೆಂಪು

ನುಸಿಗುಳಿಗೆಯ ವಾಸನೆ ಬಂದರೆ ನನಗೆ ಮೊದಲು ಅಜ್ಜಿಯ ಪೆಟ್ಟಿಗೆ ನೆನಪಾಗುತ್ತದೆ. ಆಮೇಲೆ ಸೇಡು.

ದೇವದಾರು ಮರದ ಆ ಪೆಟ್ಟಿಗೆಯಲ್ಲಿ ಅಜ್ಜಿಯ ಮದುವೆಯ ಉಡುಪು, ಎರಡು ಉಣ್ಣೆಯ ಹೊದಿಕೆ, ಅವುಗಳ ಮಡಿಕೆ ಮಡಿಕೆಯಲ್ಲಿ ಬಿಳಿ ಗುಳಿಗೆಗಳು ಇರುತ್ತಿದ್ದವು. ನಾನು ಐದಾರು ವರ್ಷದವಳಿದ್ದಾಗ ಮುಚ್ಚಳ ಎತ್ತಿ ತಲೆಯನ್ನು ಒಳಗೆ ತೂರಿಸಿ ಮೂಸುತ್ತಿದ್ದೆ. ಅಜ್ಜಿ ಹಿಂದಿನಿಂದ ಬಂದು ಜಡೆ ಹಿಡಿದು ಎಳೆದು, "ಈ ವಾಸನೆ ಇರೋವರೆಗೂ ಒಳಗಿರೋದು ಕೆಡೋದಿಲ್ಲ ಕಣೇ," ಎನ್ನುತ್ತಿದ್ದಳು.

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನಾನು ಕೆಲಸಕ್ಕೆ ಸೇರಿದ ಕೋಣೆಯಲ್ಲೂ ಅದೇ ವಾಸನೆಯಿತ್ತು. ಒಂದು ವರ್ಷ ಐದು ತಿಂಗಳಿಂದ ನಾನು ಕೆಡದಂತೆ ಕಾಪಾಡಿಕೊಂಡಿದ್ದ ಸಿಟ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

ಅದು ಸಾವಿರದ ಒಂಬೈನೂರ ನಲವತ್ತನಾಲ್ಕರ ಆಗಸ್ಟ್. ಕೊಲಂಬಿಯಾ ನದಿಯ ದಂಡೆ. ಹೊರಗೆ ಬಿಸಿಲು, ಧೂಳು, ಮುಳ್ಳುತಂತಿ. ಒಳಗೆ ನಮ್ಮದು ಒಂದೇ ಕೆಲಸ. ನಮ್ಮ ಮುಂಗೈಗಿಂತ ಗಿಡ್ಡವಾದ, ಎತ್ತಿದರೆ ತೋಳು ಜಗ್ಗುವಷ್ಟು ತೂಕದ ಲೋಹದ ಉರುಳೆಗಳು ಪಕ್ಕದ ಕೋಣೆಯಿಂದ ಬರುತ್ತಿದ್ದವು. ಅಲ್ಲಿ ಗಂಡಸರು ಕುದಿಯುವ ಲೋಹದ ತೊಟ್ಟಿಯ ಮುಂದೆ ನಿಂತು ಒಂದೊಂದು ಉರುಳೆಗೂ ಅಲ್ಯೂಮಿನಿಯಂ ಅಂಗಿ ತೊಡಿಸುತ್ತಿದ್ದರು. ಅಂಗಿ ಎಲ್ಲ ಕಡೆ ಮೈಗೆ ಕಚ್ಚಿಕೊಂಡಿದೆಯೋ ಇಲ್ಲವೋ ಎಂದು ನೋಡುವವರು ನಾವು ಹೆಂಗಸರು.

ನೋಡುವ ಬಗೆ ಚೆಂದವಿತ್ತು. ಉರುಳೆಗೆ ಒಂದು ದ್ರಾವಣ ಬಳಿದರೆ ಅದು ಆರಿ ಇಬ್ಬನಿ ಹೆಪ್ಪುಗಟ್ಟಿದಂತೆ ಬಿಳಿಯಾಗುತ್ತಿತ್ತು. ನುಸಿಗುಳಿಗೆಯ ವಾಸನೆ ಅದರದೇ. ಆಮೇಲೆ ಅದನ್ನು ವಿದ್ಯುತ್ ಸುರುಳಿಯೊಳಗೆ ತೂರಿಸಿ ಒಂದು ಗಳಿಗೆ ಬಿಸಿ ಮಾಡುತ್ತಿದ್ದೆವು. ಅಂಗಿ ಕಚ್ಚಿಕೊಂಡ ಕಡೆ ಬಿಸಿ ಒಳಗೆ ಇಳಿದುಹೋಗುತ್ತದೆ, ಬಿಳಿ ನಿಧಾನ ಕರಗುತ್ತದೆ. ಕಚ್ಚಿಕೊಳ್ಳದ ಕಡೆ ಬಿಸಿಗೆ ಹೋಗಲು ದಾರಿಯಿಲ್ಲ, ಆ ಜಾಗ ಮೊದಲೇ ಕರಗಿ ಕಣ್ಣು ಬಿಟ್ಟಂತೆ ಹೊಳೆಯುತ್ತದೆ. ಅಂಥದ್ದು ಕಂಡರೆ ಕೆಂಪು ಸೀಮೆಸುಣ್ಣದ ಗೆರೆ. ಒಳ್ಳೆಯದಾದರೆ ತಳದಲ್ಲಿ ನಮ್ಮ ನಂಬರಿನ ಮುದ್ರೆ. ತೊಡಿಸಿದವನ ನಂಬರ್ ಅಲ್ಲಿ ಮೊದಲೇ ಇರುತ್ತಿತ್ತು. ಅದರ ಪಕ್ಕಕ್ಕೆ ನಮ್ಮದು.

ಅದು ಯುರೇನಿಯಂ ಎಂದು ನಮಗೆ ಯಾರೂ ಹೇಳಿರಲಿಲ್ಲ. "ಲೋಹ" ಎನ್ನುತ್ತಿದ್ದೆವು. ಕೇಳಬಾರದು ಎಂದಿದ್ದರು, ಕೇಳಲಿಲ್ಲ.

"ನಮ್ಮಮ್ಮ ಪೀಚ್ ಹಣ್ಣು ಡಬ್ಬಿ ಮಾಡ್ತಾಳೆ. ಮಗಳು ಯುದ್ಧಕ್ಕೆ ಅಂತ ಬಂದು ಕಬ್ಬಿಣ ಡಬ್ಬಿ ಮಾಡ್ತಿದಾಳೆ," ಎಂದು ಪಕ್ಕದ ಮೇಜಿನ ಬರ್ನೀಸ್ ನಗುತ್ತಿದ್ದಳು. ಅರ್ಕನ್ಸಾದವಳು, ಮೂವತ್ತು ದಾಟಿದವಳು, ಎರಡು ಮಕ್ಕಳನ್ನು ಅಮ್ಮನ ಹತ್ತಿರ ಬಿಟ್ಟು ಬಂದವಳು. ಬೆಳಿಗ್ಗೆ ನನ್ನ ಕುರ್ಚಿಯ ಮೇಲಿನ ಧೂಳನ್ನೂ ಅವಳೇ ಒರೆಸಿಟ್ಟಿರುತ್ತಿದ್ದಳು. ಒರೆಸಿದೆ ಎಂದು ಒಂದು ದಿನವೂ ಹೇಳಲಿಲ್ಲ.

ಕೆಲಸಕ್ಕೆ ಸೇರಿದ ನಾಲ್ಕನೆಯ ದಿನ ನನಗೆ ಮೊದಲ ಕೆಟ್ಟ ಉರುಳೆ ಸಿಕ್ಕಿತು. ಪದ್ಧತಿಯಂತೆ ಗೋಡೆಯ ಕಿಂಡಿಯ ಹತ್ತಿರ ಹೋಗಿ ಕೂಗಿದೆ: "ನಲವತ್ತೊಂದು, ಕೆಂಪು!"

ಯಾರ ನಂಬರೋ ಅವನು ತೊಟ್ಟಿ ಬಿಟ್ಟು ಬಂದು, ತಪ್ಪನ್ನು ನೋಡಿ, ಚೀಟಿಗೆ ಸಹಿ ಹಾಕಿ, ಉರುಳೆಯನ್ನು ಕೆಂಪು ಪೆಟ್ಟಿಗೆಗೆ ತಾನೇ ಹಾಕಬೇಕು. ಬಂದವನು ಕನ್ನಡಕ ಹಣೆಗೆ ಏರಿಸಿದ. ಬಲಗಡೆಯ ಹುಬ್ಬು ಸುಟ್ಟು ಅರ್ಧ ಹೋಗಿತ್ತು. ಕಿವಿ ಕೆಂಪಗಿತ್ತು. ಆ ಕಿವಿಯನ್ನು ನಾನು ಹಿಂಡಿದ್ದೆ, ಮುತ್ತಿಟ್ಟಿದ್ದೆ.

"ನೆಲ್," ಎಂದ ವೆಂಡೆಲ್ ಕ್ರೋಗ್.

"ಮಿಸ್ ಹಾಸ್ಕಿನ್ಸ್," ಎಂದು ತಿದ್ದಿದೆ. "ನಿಮ್ಮ ಉರುಳೆ ಕೆಟ್ಟಿದೆ. ಇಲ್ಲಿ ಸಹಿ ಹಾಕಿ. ಸಹಿ ಹಾಕೋದು ನಿಮಗೆ ಚೆನ್ನಾಗಿ ಬರುತ್ತಲ್ಲ."

ಅವನ ಕೈಯಲ್ಲಿದ್ದ ಪೆನ್ಸಿಲ್ ಒಂದು ಕ್ಷಣ ನಿಂತಿತು. ಆಮೇಲೆ ಸಹಿ ಹಾಕಿದ. ಅದೇ ಕ್ರೋಗ್, ಕೊನೆಯ ಅಕ್ಷರಕ್ಕೆ ಅದೇ ಬಾಲ.

ಆ ಬಾಲವನ್ನು ನಾನು ಮೊದಲು ನೋಡಿದ್ದು ಇನ್ನೊಂದು ಕಾಗದದ ಮೇಲೆ.

ಕಾರ್ಖಾನೆ ಬರುವ ಮೊದಲು ನದಿಯ ತಿರುವಿನ ಈ ನೆಲವೆಲ್ಲ ಹಣ್ಣಿನ ತೋಟ. ನಮ್ಮದು ಏಪ್ರಿಕಾಟ್ ಮತ್ತು ಚೆರ್ರಿ, ಬೇಲಿಯಾಚೆ ಕ್ರೋಗ್‌ರದು. ಅವರಪ್ಪ ಸತ್ತ ಮೇಲೆ ಆ ತೋಟ ನೋಡಿಕೊಳ್ಳುತ್ತಿದ್ದವನು ವೆಂಡೆಲ್. ನಮ್ಮಿಬ್ಬರಿಗೂ ಮದುವೆ ಗೊತ್ತಾಗಿತ್ತು, ಚೆರ್ರಿ ಇಳಿಸಿದ ಮೇಲೆ ಎಂದು. ನಲವತ್ತಮೂರರ ಮಾರ್ಚ್‌ನಲ್ಲಿ ಸರ್ಕಾರದ ಕಾಗದ ಬಂತು: ಮೂವತ್ತು ದಿನದಲ್ಲಿ ಜಾಗ ಖಾಲಿ ಮಾಡಿ, ಕಾರಣ ಕೇಳಬೇಡಿ. ಊರೆಲ್ಲ ಶಾಲೆಯಲ್ಲಿ ಸೇರಿತು. ಈ ವರ್ಷದ ಹಣ್ಣು ಇಳಿಸುವವರೆಗೆ ಯಾರೂ ಸಹಿ ಹಾಕಬಾರದು, ಎಲ್ಲರೂ ಒಟ್ಟಿಗೆ ನಿಂತರೆ ಅವರೂ ತಡೆಯುತ್ತಾರೆ ಎಂದು ಮಾತಾಯಿತು. ಎದ್ದು ನಿಂತು ಎಲ್ಲರಿಗಿಂತ ಜೋರಾಗಿ "ಹಾಕಲ್ಲ!" ಎಂದವನು ವೆಂಡೆಲ್. ಹಾಗೆನ್ನುವಾಗ ಅವನ ಕೈಯಲ್ಲಿ ನನ್ನ ಕೈ ಇತ್ತು.

ಮರುದಿನ ಬೆಳಿಗ್ಗೆ ಮೊದಲ ಸಹಿ ಹಾಕಿದವನೂ ಅವನೇ.

ನನಗೆ ಹೇಳಲಿಲ್ಲ. ಅಂಚೆಯವನು ಹೇಳಿದ. ಒಂದು ಕಂಬ ಬಿದ್ದ ಮೇಲೆ ಚಪ್ಪರ ನಿಲ್ಲುತ್ತದೆಯೇ? ವಾರದೊಳಗೆ ಎಲ್ಲರೂ ಹಾಕಿದರು. ಹೂ ಬಿಟ್ಟ ಮರಗಳನ್ನು ಬಿಟ್ಟು ನಾನೂ ಅಪ್ಪನೂ ಯಾಕಿಮಾದ ಒಂದು ಬಾಡಿಗೆ ಕೋಣೆಗೆ ಹೋದೆವು. ನೀರಿಲ್ಲದೆ ಮರಗಳು ನಿಂತಲ್ಲೇ ಒಣಗಿದವು. ಆ ಶರತ್ಕಾಲದಲ್ಲಿ ಅಪ್ಪ ಸತ್ತರು. ಡಾಕ್ಟರು ಹೃದಯ ಎಂದರು. ನಾನು ವೆಂಡೆಲ್ ಎಂದೆ.

ಅವನ ಉಂಗುರವನ್ನು ಸುಮ್ಮನೆ ಹಿಂದಿರುಗಿಸಲು ಮನಸ್ಸಾಗದೆ, ಏಪ್ರಿಕಾಟ್ ಜಾಮಿನ ಬಾಟಲಿಯ ತಳಕ್ಕೆ ಹಾಕಿ, ಮೇಣದಲ್ಲಿ ಬಾಯಿ ಮುಚ್ಚಿ, ಒಂದಕ್ಷರವೂ ಬರೆಯದೆ ಅಂಚೆಯಲ್ಲಿ ಕಳಿಸಿದ್ದೆ. ಅವನು ಕ್ಷಮೆ ಸಿಕ್ಕಿತೆಂದು ಸಂತೋಷದಿಂದ ತಿನ್ನಬೇಕು, ತಳ ಮುಟ್ಟಿದಾಗ ಗೊತ್ತಾಗಬೇಕು. ಅಷ್ಟು ಯೋಚಿಸಿಯೇ ಕಳಿಸಿದ್ದೆ. ಈಗ ನಾನು ಬೆಕ್ಕಿಗೂ ಗದರದ ಮುದುಕಿ; ಆಗ ಹಾಗಿರಲಿಲ್ಲ.

ಕಾರ್ಖಾನೆಯಲ್ಲಿ ಹೆಂಗಸರನ್ನು ತೆಗೆದುಕೊಳ್ಳುತ್ತಾರೆ ಎಂದು ಕೇಳಿದಾಗ ಅರ್ಜಿ ಹಾಕಿದೆ. ಅವನು ಅಲ್ಲಿದ್ದಾನೆಂದು ಗೊತ್ತಿತ್ತು. ಕೈಗೆ ಏನು ಸಿಗುತ್ತದೆಂದು ಗೊತ್ತಿರಲಿಲ್ಲ, ಅಷ್ಟೆ.

ಸಿಕ್ಕಿದ್ದು ಕೆಂಪು ಸೀಮೆಸುಣ್ಣ.

ಮೇಸ್ತ್ರಿ ಮಿಸ್ಟರ್ ಟಾಬರ್ ಗೋಡೆಯ ಮೇಲೆ ಒಂದು ಪಟ್ಟಿ ತೂಗುಹಾಕಿದ್ದರು. ಯಾರ ನಂಬರಿಗೆ ಎಷ್ಟು ಕೆಂಪು ಎಂದು ಅದರಲ್ಲಿ ದಿನದಿನವೂ ಬರೆಯುವರು. ವಾರಕ್ಕೆ ಇಪ್ಪತ್ತರಂತೆ ಎರಡು ವಾರ ಮೇಲಿಂದ ಮೇಲೆ ಬಿದ್ದರೆ ಅವನಿಗೆ ಗೇಟು. ಗೇಟಿನ ಹೊರಗೆ ಸೈನ್ಯದ ಕರೆ ಕಾಯುತ್ತಿರುತ್ತಿತ್ತು. ಕಾರ್ಖಾನೆಯಲ್ಲಿರುವವರೆಗೆ ಮಾತ್ರ ಗಂಡಸರನ್ನು ಯುದ್ಧಕ್ಕೆ ಕರೆಯುತ್ತಿರಲಿಲ್ಲ.

ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಬೋರ್ಡಿತ್ತು: "ಪರೀಕ್ಷಕಿಯ ಮಾತೇ ಕೊನೆಯ ಮಾತು." ಒಪ್ಪದವನು ಮರುಪರೀಕ್ಷೆ ಕೇಳಬಹುದಿತ್ತು, ಆದರೆ ತೊಡಿಸಿದವನು ಮಾತ್ರ.

ಮಾರನೆಯ ದಿನ ವೆಂಡೆಲ್‌ನ ಒಂದು ಉರುಳೆ ಬಂತು. ಬಿಸಿ ಮಾಡಿದೆ. ಬಿಳಿ ಒಂದೇ ಸಮ ಕರಗಿತು, ಒಂದು ಚುಕ್ಕೆಯೂ ಇಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸ ಆ ಸಾಲಿನಲ್ಲಿ ಯಾರದೂ ಇರಲಿಲ್ಲ. ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮೆಲ್ಲಗೆ ಒಂದು ಕೆಂಪು ಗೆರೆ ಎಳೆದೆ. ಸುಡುವ ಹೊಟ್ಟೆಗೆ ತಣ್ಣೀರು ಹೊಯ್ದ ಹಾಗಾಯಿತು.

"ನಲವತ್ತೊಂದು, ಕೆಂಪು!"

ಅವನು ಬಂದ. ಉರುಳೆಯನ್ನು ನೋಡಿದ. ಕೈಗವಸು ತೆಗೆದು ಹೆಬ್ಬೆರಳಿನಿಂದ ಸವರಿದ. ಆಮೇಲೆ ಕಣ್ಣೆತ್ತಿ ನನ್ನನ್ನು ನೋಡಿದ, ಅರ್ಧ ಹುಬ್ಬು ಮೇಲೇರಿಸಿ.

"ಎಲ್ಲಿ ಕೆಟ್ಟಿದೆ, ಮಿಸ್ ಹಾಸ್ಕಿನ್ಸ್?"

"ಕಣ್ಣು ಕಾಣಿಸಲ್ವಾ ನಿಮಗೆ? ಬೇಕಾದ್ರೆ ಮರುಪರೀಕ್ಷೆ ಕೇಳಿ."

"ನೀವು ನೋಡಿದ್ದೀರಲ್ಲ," ಎಂದ. "ಸಾಕು." ಸಹಿ ಹಾಕಿ ಹೋದ.

ನನಗೆ ಮೈಯೆಲ್ಲ ಉರಿಯಿತು. ಅವನು ಜಗಳವಾಡಬೇಕಿತ್ತು. ಬೇಡಿಕೊಳ್ಳಬೇಕಿತ್ತು. ಸಂತೆಯಲ್ಲಿ ಬಾಕಿ ಚಿಲ್ಲರೆ ಬೇಡವೆಂದು ನಡೆದುಹೋಗುವವನಂತೆ ಹೋದರೆ ಸೇಡಿಗೆ ಏನು ರುಚಿ?

ಹಾಗಾಗಿ ದಿನಕ್ಕೆ ಎರಡು ಮಾಡಿದೆ. ಅವನದೇ ತಪ್ಪಿನವು ದಿನಕ್ಕೊಂದೋ ಎರಡೋ ಹೇಗೂ ಇರುತ್ತಿದ್ದವು. ತೊಟ್ಟಿಯ ಬಿಸಿ ಯಾರ ಮಾತೂ ಕೇಳುತ್ತಿರಲಿಲ್ಲ. ಹಾಗೆ ಮಾಡಿದ ಮೊದಲ ಪೂರ್ತಿ ವಾರ, ಶನಿವಾರದ ಹೊತ್ತಿಗೆ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಸರಿಯಾಗಿ ಇಪ್ಪತ್ತು.

"ಒಂದ್ ವಿಷ್ಯ ಕೇಳ್ತೀನಿ, ಬೈಬಾರ್ದು," ಎಂದಳು ಬರ್ನೀಸ್, ಕಾಫಿ ಲೋಟ ನನ್ನ ಮುಂದಿಡುತ್ತಾ. "ಆ ಹುಬ್ಬಿಲ್ಲದವನ ನಂಬರ್ ಕೂಗೋಕೆ ಮೊದ್ಲು ನೀನು ಯಾಕೆ ತಲೆಗೂದ್ಲು ಸರಿ ಮಾಡ್ಕೋತೀಯ?"

"ನಾನೇನು ಮಾಡ್ಕೊಳಲ್ಲ."

"ಮಾಡ್ಕೋತೀಯ. ಬೇರೆಯವ್ರ ನಂಬರಿಗೆ ಮಾಡ್ಕೊಳಲ್ಲ. ಸೇಡು ತೀರಿಸ್ಕೊಳ್ತಿದೀಯೋ, ದಿನಕ್ಕೆ ನಾಲ್ಕು ಸಲ ಮುಖ ನೋಡ್ತಿದೀಯೋ?"

"ಎರಡಕ್ಕೂ ಮುಖ ನೋಡ್ಲೇಬೇಕಲ್ಲ," ಎಂದೆ. ಅವಳು ಕಾಫಿ ಉಗುಳುವಷ್ಟು ನಕ್ಕಳು. ನಾನು ನಗಲಿಲ್ಲ. ಕಿಂಡಿಯ ಗಾಜಿನಲ್ಲಿ ನನ್ನ ಕೂದಲು ನೋಡಿಕೊಂಡೆ, ಸಿಟ್ಟಾಗಿ ಕೆದರಿಕೊಂಡೆ.

ಎರಡನೆಯ ವಾರ. ಸೋಮವಾರ ಮೂರು, ಮಂಗಳವಾರ ನಾಲ್ಕು. ಅವನು ಪ್ರತಿ ಸಲ ಬರುತ್ತಿದ್ದ. ಕಿಂಡಿಗೆ ಮೊಣಕೈ ಊರುತ್ತಿದ್ದ. ಒಮ್ಮೆ ಪೆನ್ಸಿಲ್ ಹಿಂದಿರುಗಿಸುವಾಗ ನಾನು ಅವನ ಬೆರಳು ತಾಗದಂತೆ ಅದರ ತುದಿಯನ್ನು ಹಿಡಿದೆ. ಮರುದಿನದಿಂದ ಅವನೇ ಪೆನ್ಸಿಲನ್ನು ಕಿಂಡಿಯ ಅಂಚಿನಲ್ಲಿಟ್ಟು ಕೈ ಹಿಂದೆಗೆದುಕೊಳ್ಳುತ್ತಿದ್ದ. ಆ ಸೌಜನ್ಯ ನನಗೆ ಚೂರಿಯಂತೆ ಇರಿಯಿತು.

ಶುಕ್ರವಾರ ಮಧ್ಯಾಹ್ನ ಹತ್ತೊಂಬತ್ತನೆಯದಕ್ಕೆ ಸಹಿ ಹಾಕಿ ಅವನು ಹೋಗಲಿಲ್ಲ.

"ಇನ್ನೊಂದು ಬಾಕಿ," ಎಂದ.

"ಲೆಕ್ಕ ಇಟ್ಟಿದ್ದೀರಾ?"

"ಇಡದೆ ಇರ್ತೀನಾ? ನಾಳೆ ಕೂಗ್ತೀರಿ. ಆಮೇಲೆ ಮಾತಾಡೋಕೆ ಕಿಂಡಿ ಇರಲ್ಲ. ಅದಕ್ಕೆ ಇವತ್ತೇ ಹೇಳ್ಬಿಡ್ತೀನಿ." ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. "ಆವತ್ತು ಬೆಳಿಗ್ಗೆ ಮಿಲಿಟರಿಯವರು ಮನೆಗೇ ಬಂದ್ರು. ನಿನ್ನ ತಮ್ಮ ಹಡಗಿನಲ್ಲಿದ್ದಾನಲ್ಲ, ನೀನು ಒಂದು ದಿನ ತಡ ಮಾಡಿದ್ರೆ ಅವನ ಯುದ್ಧ ಒಂದು ದಿನ ಉದ್ದ ಆಗುತ್ತೆ ಅಂದ್ರು. ಅಮ್ಮ ಅಲ್ಲೇ ನಿಂತಿದ್ಲು, ಕೈಯಲ್ಲಿ ಆರ್ಲೋನ ಕಾಗದ ಹಿಡ್ಕೊಂಡು. ಹಾಕ್ದೆ."

"ಆರ್ಲೋ ಈಗ..."

"ಹಡಗು ಮುಳುಗ್ತು. ಹೋದ ಡಿಸೆಂಬರ್." ಕನ್ನಡಕದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. "ನನ್ನ ಸಹಿಯಿಂದ ಅವನಿಗೇನೂ ಉಪಕಾರ ಆಗಲಿಲ್ಲ. ನಿಮ್ಮಪ್ಪನಿಗೆ ಪೆಟ್ಟು ಬಿತ್ತು."

ಆರ್ಲೋ ನಮ್ಮ ಮರವೇರಿ ಏಪ್ರಿಕಾಟ್ ಕದ್ದು ಬೀಜವನ್ನು ನನ್ನ ತಲೆಗೆ ಎಸೆಯುತ್ತಿದ್ದವನು. ನನಗೆ ಅವನಿಗಾಗಿ ಅಳಬೇಕೆನಿಸಿತು. ಬದಲಿಗೆ ಒಂದೂವರೆ ವರ್ಷದಿಂದ ಗಂಟಲಲ್ಲಿದ್ದದ್ದು ಹೊರಗೆ ಬಂತು.

"ಸಹಿ ಹಾಕಿದ್ದಕ್ಕಲ್ಲ ಕಣೋ!" ಬರ್ನೀಸ್ ಅತ್ತ ತಿರುಗಿ ಉರುಳೆ ಒರೆಸುವವಳಂತೆ ನಟಿಸಿದಳು. "ಬೇಲಿ ದಾಟಿದ್ರೆ ನಮ್ಮ ಮನೆ. ಹತ್ತು ಹೆಜ್ಜೆ. ಬಂದು ಹೇಳೋಕೇನಾಗಿತ್ತು? ನಮ್ಮಪ್ಪ ಆವತ್ತು ಮಧ್ಯಾಹ್ನದವರೆಗೂ ನಿನ್ನ ಹೊಗಳ್ತಿದ್ರು. ವೆಂಡೆಲ್ ನಿಂತ್ರೆ ಬಂಡೆ ಅಂತ. ಅಂಚೆಯವನ ಬಾಯಲ್ಲಿ ಕೇಳಿದ್ರು."

"ಹೆದರಿದೆ," ಎಂದ.

"ಮಿಲಿಟರಿಯವರಿಗೆ?"

"ನಿನಗೆ."

ಅವನು ಬಾಯಿ ತೆರೆದು ಮುಂದಿನ ಹಲ್ಲೊಂದನ್ನು ತೋರಿಸಿದ. ಮೂಲೆ ಮುರಿದಿತ್ತು.

"ನಿನ್ನ ಜಾಮ್ ಬಾಟಲಿ ಒಂದು ತಿಂಗಳು ತಿಂದೆ. ದಿನಕ್ಕೊಂದು ಚಮಚ, ಮುಗಿದುಹೋಗ್ಬಾರ್ದು ಅಂತ. ಕೊನೇ ಚಮಚದಲ್ಲಿ ಉಂಗುರ ಹಲ್ಲಿಗೆ ಸಿಕ್ತು."

ನಾನು ತುಟಿ ಕಚ್ಚಿಕೊಂಡೆ. ನಗು ಬಂದಿತ್ತು, ದೇವರಾಣೆಗೂ. ಆ ನಗು ನನಗೇ ಅವಮಾನವೆನಿಸಿ, "ಒಳ್ಳೇದಾಯ್ತು," ಎಂದು ಕಿಂಡಿ ಮುಚ್ಚಿದೆ.

ಕಾರಣ ಗೊತ್ತಾದರೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ಸುಳ್ಳು. ನನ್ನದು ಏರಿತು. ಅವನು ಬರೀ ಕೆಟ್ಟವನಾಗಿದ್ದರೆ ನನಗೆ ಎಷ್ಟು ಅನುಕೂಲವಿತ್ತು! ಮಲಗುವ ಮುನ್ನ ತೀರ್ಮಾನ ಮಾಡಿದೆ: ನಾಳೆ ಒಂದು ಗೆರೆ. ಅಪ್ಪನ ಹೆಸರಿನಲ್ಲಿ ಒಂದೇ ಒಂದು ಗೆರೆ.

ಶನಿವಾರ ಬೆಳಿಗ್ಗೆಯಿಂದ ಅವನ ಉರುಳೆಗಳು ಬಂದವು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ನಾನು ಸೀಮೆಸುಣ್ಣ ಹಿಡಿದು ಆರಿಸುತ್ತಾ ಕೂತೆ. ಇದಲ್ಲ, ಮುಂದಿನದು. ಹಬ್ಬದ ದಿನ ಕೊನೆಯ ಸಿಹಿಯನ್ನು ತಟ್ಟೆಯಂಚಿಗೆ ಸರಿಸಿಟ್ಟುಕೊಳ್ಳುವ ಮಗುವಿನಂತೆ. ಹನ್ನೊಂದು ಗಂಟೆಗೆ ಒಂದು ಬಂತು. ಬಿಳಿ ಬಳಿದೆ, ಆರಿಸಿದೆ, ಸುರುಳಿಯೊಳಗೆ ತೂರಿಸಿದೆ.

ನಡುಮೈಯಲ್ಲಿ, ಬೆಳ್ಳಿಯಂತೆ, ಹೆಬ್ಬೆರಳಿನ ಉಗುರಿನಷ್ಟು ಜಾಗ ಥಟ್ಟನೆ ಕಣ್ಣು ಬಿಟ್ಟಿತು.

ತಳ ನೋಡಿದೆ. ನಲವತ್ತೊಂದು.

ಇದು ನನ್ನ ಸುಳ್ಳಲ್ಲ. ನಿಜವಾಗಿ ಕೆಟ್ಟದ್ದು. ನಾನು ಕೂಗಬೇಕಾದ್ದೇ ಎರಡು ಮಾತು, ಅದೂ ಕರ್ತವ್ಯದ ಮಾತು. ಅವನು ಸೋಮವಾರ ಗೇಟಿನ ಹೊರಗಿರುತ್ತಾನೆ, ತಿಂಗಳಲ್ಲಿ ಹಡಗಿನ ಮೇಲಿರುತ್ತಾನೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಬಾಯಿ ತೆರೆದೆ. ಇಷ್ಟು ದಿನ ಸುಳ್ಳಾಗಿ ಸಲೀಸಾಗಿ ಕೂಗಿದ ಮಾತು ನಿಜವಾದಾಗ ಹೊರಗೆ ಬರಲಿಲ್ಲ.

ಆರ್ಲೋ ನೆನಪಾದ. ನೀರು ನೆನಪಾಯಿತು. ಕಿಂಡಿಗೆ ಊರಿದ ಮೊಣಕೈ ಇನ್ನು ಅಲ್ಲಿರುವುದಿಲ್ಲ ಎಂಬುದು ಮೊದಲ ಬಾರಿಗೆ ನಿಜವಾಗಿ ಹೊಳೆಯಿತು.

ನನ್ನ ಕೈ ತಾನಾಗಿಯೇ ಒರೆಸುವ ಬಟ್ಟೆ ಎತ್ತಿಕೊಂಡಿತು. ಬಿಳಿಯನ್ನು ಒರೆಸಿಬಿಟ್ಟರೆ ಯಾವ ಗುರುತೂ ಇರುವುದಿಲ್ಲ. ಮುದ್ರೆ ಒತ್ತಿ ಒಳ್ಳೆಯ ತಟ್ಟೆಗೆ ಇಟ್ಟರಾಯಿತು. ಮುದ್ರೆಯನ್ನೂ ಎತ್ತಿದೆ. ನನ್ನ ನಂಬರ್ ಹದಿನೇಳು. ನಲವತ್ತೊಂದರ ಪಕ್ಕದಲ್ಲಿ ಹದಿನೇಳು ಕೂರಬೇಕಾದ ಖಾಲಿ ಜಾಗ ಅಲ್ಲಿತ್ತು.

ಅಪ್ಪ ಹಣ್ಣಿನ ಪೆಟ್ಟಿಗೆಗಳ ಮೇಲೆ "ಹಾಸ್ಕಿನ್ಸ್" ಎಂದು ಕಾಯಿಸಿದ ಕಬ್ಬಿಣದಲ್ಲಿ ಬರೆ ಹಾಕುತ್ತಿದ್ದರು. ಒಮ್ಮೆ ಬಿಸಿಲಿಗೆ ಬೇಸತ್ತು ನಾನು ಪೆಟ್ಟು ಬಿದ್ದ ಹಣ್ಣುಗಳನ್ನು ತಳದಲ್ಲಿ ಹುದುಗಿಸಿ ಮೇಲೆ ಒಳ್ಳೆಯದನ್ನು ಜೋಡಿಸಿದ್ದೆ. ಅಪ್ಪ ಬೈಯಲಿಲ್ಲ. ಪೆಟ್ಟಿಗೆಯನ್ನು ಮಗುಚಿ, ನನ್ನ ಪಕ್ಕದಲ್ಲಿ ಕೂತು, ಒಂದೊಂದಾಗಿ ಮತ್ತೆ ಜೋಡಿಸಿದರು. "ಪೆಟ್ಟಿಗೆ ಮೇಲೆ ನಮ್ಮ ಹೆಸರಿದೆ, ಮಗಳೇ. ತಿನ್ನೋನು ಯಾರೋ, ಎಲ್ಲಿರ್ತಾನೋ."

ಹೀಗೆ ಅಪ್ಪನ ಹೆಸರಿನಲ್ಲಿ ನಾನು ಅಷ್ಟು ದಿನ ಏನು ಮಾಡಿದೆನೆಂದು ಅಪ್ಪನೇ ಬಂದು ತೋರಿಸಿದಂತಾಯಿತು. ಒಳ್ಳೆಯ ಹಣ್ಣನ್ನು ಕೊಳೆತದ್ದೆಂದು ಎಸೆದಿದ್ದೆ. ಈಗ ಕೊಳೆತದ್ದನ್ನು ತಳದಲ್ಲಿ ಹುದುಗಿಸಲು ಹೊರಟಿದ್ದೆ.

ಮುದ್ರೆ ಕೆಳಗಿಟ್ಟೆ. ಕಿಂಡಿ ತೆರೆದೆ.

"ನಲವತ್ತೊಂದು, ಕೆಂಪು!"

ತೊಟ್ಟಿಗಳ ಸದ್ದು ಒಂದು ಕ್ಷಣ ನಿಂತಂತಾಯಿತು. ಎಲ್ಲರಿಗೂ ಪಟ್ಟಿಯ ಲೆಕ್ಕ ಗೊತ್ತಿತ್ತು. ವೆಂಡೆಲ್ ಬಂದ. ಹೊಳೆಯುವ ಜಾಗವನ್ನು ನೋಡಿದ. "ಇದು ನಿಜ," ಎಂದ ಮೆಲ್ಲಗೆ, ಪೆನ್ಸಿಲಿಗೆ ಕೈ ಚಾಚಿದ.

ಪೆನ್ಸಿಲನ್ನು ನಾನು ಕೊಡಲಿಲ್ಲ. "ಮಿಸ್ಟರ್ ಟಾಬರ್!" ಎಂದು ಕೂಗಿದೆ. "ಮರುಪರೀಕ್ಷೆ ಬೇಕು."

ಟಾಬರ್ ಕುಂಟುತ್ತಾ ಬಂದರು. ಮೊದಲ ಯುದ್ಧದಲ್ಲಿ ಕಾಲಿಗೆ ಏಟು ತಿಂದವರು. "ಏನು ಹುಡುಗಿ? ಮರುಪರೀಕ್ಷೆ ಅವನು ಕೇಳ್ಬೇಕು. ಪರೀಕ್ಷಕಿ ತನ್ನ ಕೆಂಪಿಗೆ ತಾನೇ ಮರುಪರೀಕ್ಷೆ ಕೇಳಿದ್ದನ್ನ ನಾನೆಲ್ಲೂ ನೋಡಿಲ್ಲ."

"ಇದಕ್ಕಲ್ಲ, ಸರ್. ಇದು ಕೆಟ್ಟದ್ದೇ. ಈ ವಾರದ ಉಳಿದವಕ್ಕೆ. ಹೋದ ವಾರವೂ ಮಾಡಿದ್ದೀನಿ, ಆದ್ರೆ ಅವುಗಳ ಅಂಗಿ ಆಗಲೇ ಬಿಚ್ಚಿಬಿಟ್ಟಿದ್ದಾರೆ. ಒಳ್ಳೇವಕ್ಕೆ ಕೆಂಪು ಹಾಕಿದ್ದೀನಿ. ಬೇಕು ಅಂತಲೇ."

ಅವರ ಮುಖ ಕಲ್ಲಾಯಿತು. "ಕೆಟ್ಟದ್ದಕ್ಕೆ ಮುದ್ರೆ?"

"ಒಂದಕ್ಕೂ ಇಲ್ಲ, ಸರ್."

"ಯೋಚಿಸಿ ಹೇಳು."

"ಒಂದಕ್ಕೂ ಇಲ್ಲ."

ಕೆಂಪು ಪೆಟ್ಟಿಗೆಯನ್ನು ತಂದರು. ಸೋಮವಾರ ಬೆಳಿಗ್ಗೆ ಬಿಚ್ಚುವವರೆಗೆ ವಾರದ ಕೆಟ್ಟವೆಲ್ಲ ಅದರಲ್ಲೇ ಇರುತ್ತಿದ್ದವು. ನೂರಕ್ಕೂ ಹೆಚ್ಚು. "ಯಾವ್ಯಾವುದು?" ಎಂದರು. ನಾನು ಬಗ್ಗಿ ನೋಡಿದೆ. ನಲವತ್ತೊಂದರವೇ ಹತ್ತೊಂಬತ್ತು, ಎಲ್ಲಕ್ಕೂ ನನ್ನದೇ ಗೆರೆ, ಎಲ್ಲವೂ ಒಂದೇ ಥರ.

ವೆಂಡೆಲ್ ಬಾಗಿಲಿನಿಂದ ಸುತ್ತಿ ಒಳಗೆ ಬಂದು ಮಂಡಿಯೂರಿದ. ಒಂದು ಮೂಲೆಯಲ್ಲಿ ಹಳೆಯ ಬಟ್ಟೆ ಹಾಸಿತ್ತು. ಅದರ ಮೇಲಿನಿಂದ ಒಂದೊಂದಾಗಿ ಎತ್ತಿ ಮೇಜಿನ ಮೇಲೆ ಸಾಲಾಗಿ ಇಟ್ಟ. ಹನ್ನೊಂದು.

"ನಿಂಗೆ ಗೊತ್ತಿತ್ತಾ?" ಎಂದರು ಟಾಬರ್.

"ಕೈಗೆ ಗೊತ್ತಾಗುತ್ತೆ, ಸರ್."

"ಮತ್ತೆ ಬಾಯಿಗೇನಾಗಿತ್ತು?"

"ಪರೀಕ್ಷಕಿಯ ಮಾತೇ ಕೊನೆಯ ಮಾತು ಅಂತ ನೀವೇ ಬೋರ್ಡ್ ಹಾಕಿದ್ದೀರಲ್ಲ."

ಬರ್ನೀಸ್ ಹನ್ನೊಂದಕ್ಕೂ ಬಿಳಿ ಬಳಿದಳು. ನಾವು ನಾಲ್ವರೂ ಸುರುಳಿಯ ಸುತ್ತ ನಿಂತೆವು. ಒಂದೊಂದೇ ಸಮನಾಗಿ ಕರಗಿದವು. ಹತ್ತು ಒಳ್ಳೆಯವು. ಹನ್ನೊಂದನೆಯದರ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚುಕ್ಕೆ ಥಟ್ಟನೆ ಹೊಳೆಯಿತು.

"ಓಹೋ," ಎಂದಳು ಬರ್ನೀಸ್. "ಕೈಗೂ ಎಲ್ಲ ಗೊತ್ತಾಗಲ್ಲ ನೋಡು. ದ್ವೇಷ ಕಣ್ಣು ಮುಚ್ಕೊಂಡು ಹೊಡೆದ್ರೂ ಒಂದೇಟು ಸರಿಯಾಗೇ ಬಿದ್ದಿದೆ."

ಯಾರೂ ನಗಲಿಲ್ಲ. ವೆಂಡೆಲ್ ಮಾತ್ರ ನನ್ನನ್ನು ನೋಡಿದ. ಮುರಿದ ಹಲ್ಲು ಕಂಡೂ ಕಾಣದಷ್ಟು.

ಟಾಬರ್ ಪಟ್ಟಿಯಲ್ಲಿ ಅವನ ಸಂಖ್ಯೆ ಹೊಡೆದು ಹತ್ತು ಎಂದು ಬರೆದರು. ಆಮೇಲೆ ಕೈ ಚಾಚಿದರು. ನನ್ನ ಮುದ್ರೆಯನ್ನು ಅವರ ಅಂಗೈಯಲ್ಲಿಟ್ಟೆ.

"ನಿಯಮದ ಪ್ರಕಾರ ನಾನು ಈಗ ಕಾವಲಿನವರನ್ನ ಕರೀಬೇಕು," ಎಂದರು. ಹದಿನೇಳನ್ನು ಅಂಗೈಯಲ್ಲಿ ತಿರುಗಿಸಿದರು. "ಕೆಟ್ಟದ್ದು ಒಂದೂ ನಿನ್ನ ಕೈ ದಾಟಿ ಹೋಗಿಲ್ಲ. ಅಷ್ಟು ಉಳೀತು ನಿನ್ನ ಪುಣ್ಯ." ವರ್ಗಾವಣೆಯ ಚೀಟಿಯಲ್ಲಿ ಕಾರಣದ ಮುಂದೆ "ಕಣ್ಣಿನ ದಣಿವು" ಎಂದು ಬರೆದು, ಮಡಿಸಿ, ನನ್ನ ಕಡೆ ನೋಡದೆ ಕೊಟ್ಟರು. ಎಂಬತ್ತು ವರ್ಷದ ಬಾಳುವೆಯಲ್ಲಿ ನಾನು ಕಂಡ ದೊಡ್ಡ ದಯೆಗಳಲ್ಲಿ ಆ ಎರಡು ಪದವೂ ಸೇರಿವೆ.

ಬಾಗಿಲ ಹೊರಗೆ ವೆಂಡೆಲ್ ನಿಂತಿದ್ದ. ಗಾಳಿ ಎದ್ದು ಧೂಳು ಹಾರುತ್ತಿತ್ತು. ಅವನು ಗಾಳಿ ಬೀಸುವ ಕಡೆಗೆ ಸರಿದು ನಿಂತ. ಧೂಳು ಅವನ ಬೆನ್ನಿಗೆ ಬಿತ್ತು.

"ಯಾಕೋ ಕೇಳಲಿಲ್ಲ ಮರುಪರೀಕ್ಷೆ?" ಎಂದೆ. "ಸಾಯೋಕೆ ಹೋಗ್ತಿದ್ಯಲ್ಲ. ಅಷ್ಟು ದೊಡ್ಡ ಮನುಷ್ಯ ಆಗ್ಬೇಕಿತ್ತಾ ನಿಂಗೆ?"

"ದೊಡ್ಡ ಮನುಷ್ಯ ಏನಿಲ್ಲ. ಕೇಳಿದ್ರೆ ನಿನ್ನ ಬೇರೆ ಮೇಜಿಗೆ ಹಾಕ್ತಿದ್ರು. ದಿನಕ್ಕೆ ನಾಲ್ಕು ಸಲ ನೀನು ನನ್ನ ಕರೀತಿದ್ದೆ, ನೆಲ್. ಒಂದೂವರೆ ವರ್ಷ ಯಾರೂ ಕರೆದಿರಲಿಲ್ಲ."

"ನಂಬರ್ ಕರೀತಿದ್ದೆ."

"ನಂಬರ್ ಆದ್ರೂ ಆಯ್ತು ಅನ್ಕೊಂಡೆ."

"ನಾನು ನಿನ್ನ ಕ್ಷಮಿಸಿಲ್ಲ. ಕೇಳಿಸ್ತಾ?"

"ಕೇಳಿಸ್ತು." ಕೊರಳಿನಿಂದ ಒಂದು ದಾರ ಹೊರಗೆಳೆದ. ಅದರಲ್ಲಿ ಉಂಗುರವಿತ್ತು. "ಕ್ಷಮಿಸದೇ ಇದ್ರೂ ಬಾ. ನಿಧಾನಕ್ಕೆ ಕ್ಷಮಿಸು. ಇಲ್ಲಾಂದ್ರೆ ಬೈತಾ ಇರು. ನಾನು ಬೇರೆ ಯಾರ ಹತ್ರವೂ ಬೈಸ್ಕೊಳ್ಳಲ್ಲ."

ನಾನು ಉಂಗುರವನ್ನು ಮೂಗಿನ ಹತ್ತಿರ ಹಿಡಿದೆ. ಏಪ್ರಿಕಾಟಿನ ವಾಸನೆ ಇರಲಿಲ್ಲ, ಬೆವರಿನದಿತ್ತು. ಮತ್ತೆ ಅವನ ಅಂಗಿಯೊಳಕ್ಕೆ ಬಿಟ್ಟೆ. "ಅಲ್ಲೇ ಇರಲಿ, ಸದ್ಯಕ್ಕೆ," ಎಂದೆ. ಆ 'ಸದ್ಯ' ವಸಂತದವರೆಗೆ ನಡೆಯಿತು.

ಒಂದು ವರ್ಷದ ನಂತರ, ಇನ್ನೊಂದು ಆಗಸ್ಟಿನಲ್ಲಿ, ಆ ಲೋಹ ಏನೆಂದು ಪತ್ರಿಕೆ ಹೇಳಿತು. ಸುಟ್ಟುಹೋದ ಎರಡು ಊರುಗಳ ಹೆಸರು ಓದಿ ನಾವಿಬ್ಬರೂ ಮೇಜಿನ ಎರಡು ಬದಿಯಲ್ಲಿ ಕೂತಿದ್ದೆವು. ಬೀದಿಯಲ್ಲಿ ಜನ ಕುಣಿಯುತ್ತಿದ್ದರು. ಸೇಡೆಂದರೆ ನನಗೆ ಗೊತ್ತು ಎಂದುಕೊಂಡಿದ್ದೆ, ನನಗೇನೂ ಗೊತ್ತಿರಲಿಲ್ಲ. ತಿನ್ನೋನು ಯಾರೋ, ಎಲ್ಲಿರ್ತಾನೋ. ವೆಂಡೆಲ್‌ನನ್ನು ನಾನು ಪೂರ್ತಿ ಕ್ಷಮಿಸಿದ್ದು ಮದುವೆಯಾಗಿ ಆರು ವರ್ಷಕ್ಕೆ, ಒಂದು ಮಂಗಳವಾರ, ಅವನು ಪಾತ್ರೆ ತೊಳೆಯುತ್ತಿರುವಾಗ. ಯಾಕೆ ಆವತ್ತು ಎಂದು ಕೇಳಬೇಡಿ.

ಆದರೆ ಹೇಳಬೇಕೆಂದಿದ್ದದ್ದು ಆ ಶನಿವಾರದ ನಂತರದ ಸೋಮವಾರದ ಮಾತು.

ನನ್ನನ್ನು ಊಟದ ಮನೆಗೆ ಹಾಕಿದ್ದರು. ಸಾವಿರಾರು ಜನರಿಗೆ ಬುತ್ತಿ ಕಟ್ಟುವ ಕೆಲಸ. ಕಾಗದದ ಡಬ್ಬಿ, ಅದರಲ್ಲಿ ಎರಡು ಬ್ರೆಡ್ಡಿನ ನಡುವೆ ತಣ್ಣಗಿನ ಮಾಂಸ, ಬೇಯಿಸಿದ ಮೊಟ್ಟೆ, ಒಂದು ಸೇಬು. ಎಲ್ಲರಿಗೂ ಒಂದೇ. ಕಿಂಡಿಯಲ್ಲಿ ಕೊಡಬೇಕು, ತೆಗೆದುಕೊಂಡವರು ಪಟ್ಟಿಯಲ್ಲಿ ಸಹಿ ಹಾಕಬೇಕು.

ಬೆಳಿಗ್ಗೆ ಬರುವ ಮುಂಚೆ ನನ್ನ ಟ್ರಂಕಿನಿಂದ ಒಂದು ಬಾಟಲಿ ತೆಗೆದಿದ್ದೆ. ನಲವತ್ತೆರಡರ ಬೇಸಿಗೆಯದು, ನಮ್ಮ ಮರದ ಕೊನೆಯ ಏಪ್ರಿಕಾಟ್. ಹಣ್ಣು ಅಪ್ಪ ಕೊಯ್ದದ್ದು, ಜಾಮ್ ನಾನು ಕಾಯಿಸಿದ್ದು. ಎಂದೂ ತೆರೆಯುವುದಿಲ್ಲ ಎಂದು ಇಟ್ಟುಕೊಂಡಿದ್ದೆ. ಮೇಣ ಬಿಡಿಸಿದಾಗ ವಾಸನೆ ಹಾಗೇ ಇತ್ತು. ಬ್ರೆಡ್ಡಿಗೆ ದಪ್ಪಗೆ ಸವರಿದೆ. ಚಮಚವನ್ನು ತಳದವರೆಗೂ ಆಡಿಸಿ, ಅಲ್ಲಿ ಹಣ್ಣಲ್ಲದೆ ಬೇರೇನೂ ಇಲ್ಲ ಎಂದು ಎರಡು ಸಲ ನೋಡಿದೆ.

ಸಾಲು ಮುಂದೆ ಸರಿಯಿತು. ಅರ್ಧ ಹುಬ್ಬಿನ ಮುಖ ಕಿಂಡಿಗೆ ಬಂತು. ಅವನು ಅಭ್ಯಾಸದಂತೆ ಪೆನ್ಸಿಲ್ ಹುಡುಕಿದ.

ನಾನು ಸಹಿಯ ಪಟ್ಟಿಯನ್ನು ಬೋರಲು ಹಾಕಿದೆ. ಪಕ್ಕದಲ್ಲಿ ತೆಗೆದಿರಿಸಿದ್ದ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಕೈಗೆ ಕೊಟ್ಟೆ.